ಮನೆ ಬಾಡಿಗೆಗಿದೆ, ಆದರೆ ನಿಮಗಲ್ಲ!

ಉದ್ಯೋಗ ಅರಸಿ ಬೆಂಗಳೂರಿಗೆ ಬರುವ ಯುವಕನ ನಿಜವಾದ ಪರೀಕ್ಷೆ ನಡೆಯುವುದು ಕಚೇರಿಯಲ್ಲಲ್ಲ, ಬಾಡಿಗೆ ಮನೆಯ ಹೊಸ್ತಿಲಲ್ಲಿ. ತಿಂಗಳಿಗೆ 15,000 ರೂಪಾಯಿ ಬಾಡಿಗೆಯ ಒಂದು ಮನೆಯನ್ನು ಉದಾಹರಣೆಗೆ ಎತ್ತಿಕೊಳ್ಳೋಣ. ಮಾಲಕ ಹತ್ತು ತಿಂಗಳ ಮುಂಗಡ ಕೇಳಿದರೆ ಅದುವೇ 1.5 ಲಕ್ಷ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ. ಮೊದಲ ತಿಂಗಳ ಬಾಡಿಗೆ ಬೇರೆ. ಹೀಗೆ ಬೀಗದ ಕೈ ಸಿಗುವುದಕ್ಕಿಂತ ಮೊದಲೇ 1.8 ಲಕ್ಷ ರೂಪಾಯಿ ಎಣಿಸಬೇಕು. ಮನೆ ಬಿಡುವಾಗ ಸುಣ್ಣಬಣ್ಣದ ಹೆಸರಲ್ಲಿ ಮುಂಗಡದಿಂದ ಮುರಿದುಕೊಳ್ಳುವುದೂ ಇದೆ. ತಾಯಿಯ ಒಡವೆ ಅಡವಿಡದೆ, ಬಡ್ಡಿಗೆ ಸಾಲ ಮಾಡದೆ ಈ ಮೊತ್ತವನ್ನು ಎಷ್ಟು ಮಂದಿ ಹೊಂದಿಸಬಲ್ಲರು?

ಕಾನೂನು ಇಲ್ಲವೇ ಎಂದರೆ, ಇದೆ. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಇಂದು ಆ ಬಾಡಿಗೆಗೆ ಒಂದು ಕೋಣೆ ಸಿಕ್ಕೀತೇ? 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಆದರೆ ಅದು ಬರೀ ಮಾದರಿ. ರಾಜ್ಯಗಳು ಕಾಯ್ದೆಯಾಗಿಸಿದರಷ್ಟೇ ಅದಕ್ಕೆ ಬಲ.

ಹಣ ಹೊಂದಿಸಿದವನಿಗೂ ಇನ್ನೊಂದು ತಡೆಗೋಡೆಯಿದೆ. ಫೋನಿನಲ್ಲಿ ಖಾಲಿಯಿದ್ದ ಮನೆ, ಹೆಸರು ಹೇಳಿದ ಕೂಡಲೇ ಭರ್ತಿಯಾಗುತ್ತದೆ. ಮುಸ್ಲಿಮರಿಗೆ ತಮ್ಮ ಇಷ್ಟದ ಕಡೆ ಮನೆ ಸಿಗದಿರುವುದನ್ನು 2006ರಲ್ಲೇ ಸಾಚಾರ್ ಸಮಿತಿಯ ವರದಿ ದಾಖಲಿಸಿದೆ. ದಲಿತರ, ಒಂಟಿ ಮಹಿಳೆಯರ, ಈಶಾನ್ಯ ರಾಜ್ಯದವರ ದೂರು ಕೂಡಾ ಇದಕ್ಕಿಂತ ಭಿನ್ನವಲ್ಲ. ಸಂವಿಧಾನದ 15ನೇ ವಿಧಿಯು ಅಂಗಡಿ, ಹೋಟೆಲುಗಳಲ್ಲಿ ಧರ್ಮ, ಜಾತಿಯ ಹೆಸರಲ್ಲಿ ತಡೆಯುವಂತಿಲ್ಲ ಎನ್ನುತ್ತದೆ. ಆದರೆ ಆ ಪಟ್ಟಿಯಲ್ಲಿ ಬಾಡಿಗೆ ಮನೆಯ ಹೆಸರಿಲ್ಲ. ಒಂದು ಸಮುದಾಯಕ್ಕಷ್ಟೇ ಸದಸ್ಯತ್ವ ನೀಡುವ ಗೃಹ ನಿರ್ಮಾಣ ಸಹಕಾರ ಸಂಘದ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. ಒಟ್ಟಿಗೆ ಚಹಾ ಕುಡಿಯಬಹುದು, ಒಂದೇ ವಠಾರದಲ್ಲಿ ಬಾಳುವಂತಿಲ್ಲ ಎಂದಾದರೆ ಸೌಹಾರ್ದದ ಭಾಷಣಗಳಿಗೆ ಏನರ್ಥ?

ಹಾಗಂತ, ಬೆರಳನ್ನು ಇತರರತ್ತ ಮಾತ್ರ ತೋರಿಸಿ ಸುಮ್ಮನಾಗುವುದು ಪ್ರಾಮಾಣಿಕತೆಯಲ್ಲ. ಬೇರೆಡೆ ಬಾಗಿಲು ಮುಚ್ಚಿದಾಗ ಜನರು ಕೆಲವೇ ಮೊಹಲ್ಲಾಗಳಿಗೆ ಬರುತ್ತಾರೆ. ಬೇಡಿಕೆ ಹೆಚ್ಚಿ ಬಾಡಿಗೆ ಏರುತ್ತದೆ. ಅಲ್ಲಿ ಆ ಅಸಹಾಯಕತೆಯನ್ನು ಲಾಭವಾಗಿಸುವ ಮಾಲಕ ನಮ್ಮವನೇ ಆಗಿದ್ದರೆ ಅನ್ಯಾಯದ ತೂಕ ಕಡಿಮೆಯಾಗುತ್ತದೆಯೇ? ವಿಧವೆಗೆ, ಅವಿವಾಹಿತನಿಗೆ, ಅನ್ಯಧರ್ಮೀಯನಿಗೆ ಮನೆ ಕೊಡಲು ಹಿಂಜರಿಯುವವನು ಇನ್ನೊಬ್ಬನ ತಾರತಮ್ಯವನ್ನು ಯಾವ ಬಾಯಿಂದ ಪ್ರಶ್ನಿಸಬೇಕು?

ಮುಂಗಡಕ್ಕೆ ಮಿತಿ ಹಾಕುವ, ಧರ್ಮ, ಜಾತಿ ನೋಡಿ ಮನೆ ನಿರಾಕರಿಸುವುದನ್ನು ತಡೆಯುವ ಕಾಯ್ದೆಯನ್ನು ರಾಜ್ಯ ಸರಕಾರ ತರಬೇಕು. ಆದರೆ ಎರಡು ತಿಂಗಳ ಮುಂಗಡ ಸಾಕೆನ್ನಲು, ಬಂದವನ ಹೆಸರಿನ ಬದಲು ನಡತೆಯನ್ನು ನೋಡಲು ಯಾವ ಕಾಯ್ದೆಗೂ ಕಾಯಬೇಕಿಲ್ಲ. ಬಾಡಿಗೆ ಮನೆಗಳಿರುವ ಮಸೀದಿ, ಜಮಾಅತ್‌ಗಳು ಮತ್ತು ಸ್ಥಿತಿವಂತರು ಇದನ್ನು ಮೊದಲು ಮಾಡಿ ತೋರಿಸಲಿ. ಆಗ ಸರಕಾರದ ಮುಂದಿಡುವ ಬೇಡಿಕೆಗೆ ನೈತಿಕ ಬಲವೂ ಬಂದೀತು.