ಮೇಲ್ಮನವಿಯ ವಕೀಲರು ಯಾರ ಪಾಲಿಗೆ?

ರಾಜಾಜಿನಗರದ ಕಾರ್ಖಾನೆಯೊಂದರ ಕಾರ್ಮಿಕ ಲೇಬರ್ ಕೋರ್ಟಿನಲ್ಲಿ ಗೆದ್ದೊಡನೆ ಅವನ ಮೊಕದ್ದಮೆ ಮುಗಿಯಿತೆಂದು ನಂಬುವವರು ಮಾಲೀಕರನ್ನು ಬಲ್ಲವರಲ್ಲ. ಮಾಲೀಕರು ಹೈಕೋರ್ಟಿಗೆ ಹೋಗುತ್ತಾರೆ. ಅಲ್ಲಿ ಒಬ್ಬ ನ್ಯಾಯಾಧೀಶರ ಮುಂದೆ ಸೋತರೆ, ಅವಕಾಶವಿದ್ದಲ್ಲಿ 30 ದಿನದೊಳಗೆ ಇಬ್ಬರ ಪೀಠಕ್ಕೆ. ಅಲ್ಲಿಯೂ ಸೋತರೆ 90 ದಿನದೊಳಗೆ ದೆಹಲಿಯ ಸುಪ್ರೀಂ ಕೋರ್ಟಿಗೆ. ಮಾಲೀಕರಿಗೆ ಇದು ಖರ್ಚಿನ ಪುಸ್ತಕದಲ್ಲಿ ಒಂದು ಬಾಬು. ಕಾರ್ಮಿಕನಿಗೆ ಮನೆಬಾಡಿಗೆ, ಮಕ್ಕಳ ಶಾಲೆಯ ಫೀಜು.

ಬೆಂಗಳೂರು ಜಲಮಂಡಳಿಯ ಮೊಕದ್ದಮೆಯನ್ನು ನೆನೆಯಿರಿ. ಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲು ಮಾಡಿತು. ನ್ಯಾಯವಾದ ವಿಚಾರಣೆಯಿಲ್ಲದೆ ದಂಡಿಸಿದರೆಂದು ಅವರು 1972ರಲ್ಲಿ ಲೇಬರ್ ಕೋರ್ಟಿನ ಮೊರೆಹೋದರು. ಮಂಡಳಿಯ ಉತ್ತರವೇನು? ನಮ್ಮದು ಉದ್ಯಮವೇ ಅಲ್ಲ, ನಮ್ಮನ್ನು ಕೇಳಲು ಈ ಕೋರ್ಟಿಗೆ ಅಧಿಕಾರವಿಲ್ಲ! ಲೇಬರ್ ಕೋರ್ಟು ಒಪ್ಪಲಿಲ್ಲ, ಹೈಕೋರ್ಟೂ ಒಪ್ಪಲಿಲ್ಲ. ಮಂಡಳಿ ದೆಹಲಿಗೆ ಹೋಯಿತು. 1978ರ ಫೆಬ್ರವರಿ 21ರಂದು ಏಳು ನ್ಯಾಯಾಧೀಶರ ಪೀಠದ ಬಹುಮತ ನೌಕರರ ಕಡೆ ನಿಂತಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನಿಂದ ಆಸ್ಪತ್ರೆ, ವಿದ್ಯಾಸಂಸ್ಥೆಗಳೂ ಕೈಗಾರಿಕಾ ವಿವಾದ ಕಾಯಿದೆಯ ಹಿಡಿತಕ್ಕೆ ಬಂದವು. ದೇಶದ ನೌಕರವರ್ಗಕ್ಕೆ ದೊಡ್ಡ ಗೆಲುವು, ನಿಜ. ಆದರೆ ಲೇಬರ್ ಕೋರ್ಟಿಗೆ ಅಧಿಕಾರವಿದೆಯೇ ಎಂಬ ಒಂದೇ ಪ್ರಶ್ನೆ ತೀರಲು ಆರು ವರ್ಷ ಹಿಡಿಯಿತು. ಅಷ್ಟು ಕಾಲ ವಕೀಲರನ್ನು ಸಾಕುವ ಶಕ್ತಿ ಎಷ್ಟು ಯೂನಿಯನ್ನುಗಳಿಗಿದೆ?

ಮೇಲ್ಮನವಿಯ ವಕೀಲರ ಕೆಲಸ ಗಟ್ಟಿಯಾಗಿ ವಾದಿಸುವುದೆಂದು ಜನ ತಿಳಿದಿದ್ದಾರೆ. ಅವರ ಮುಖ್ಯ ಕೆಲಸ ಕಾಗದದ್ದು. ಅಲ್ಲಿ ಸಾಮಾನ್ಯವಾಗಿ ಹೊಸ ಸಾಕ್ಷಿ ಬರುವುದಿಲ್ಲ. ಕೆಳಗಿನ ಕೋರ್ಟಿನ ದಾಖಲೆಯಲ್ಲಿ ಇಲ್ಲದ್ದನ್ನು ಮೇಲೆ ಹೇಳಿ ಗೆಲ್ಲುವುದು ಕಷ್ಟ. ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ನಮ್ಮವನು ಕನ್ನಡದಲ್ಲಿ ಕೊಟ್ಟ ಸಾಕ್ಷ್ಯ ಯಾರದೋ ಕೈಯಲ್ಲಿ ಇಂಗ್ಲಿಷಾಗಿ ದೆಹಲಿ ಸೇರುತ್ತದೆ. "ಕೆಲಸಕ್ಕೆ ಬಿಡಲಿಲ್ಲ" ಎಂದದ್ದು "ಕೆಲಸಕ್ಕೆ ಹೋಗಲಿಲ್ಲ" ಎಂದಾದರೆ ಮೊಕದ್ದಮೆಯೇ ಮುಳುಗಿತು. ಈ ತಪ್ಪನ್ನು ಹಿಡಿಯುವ ವಕೀಲರು ಬೇಕು; ಅವರಿಗೆ ಕನ್ನಡ ಬಲ್ಲ ಯೂನಿಯನ್ನಿನ ಕಾರ್ಯದರ್ಶಿ ಬೇಕು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರಲ್ಲಿ ಜಾರಿಗೆ ಬಂತು. ಅದರ 12ನೇ ಕಲಮು ಕೈಗಾರಿಕಾ ಕಾರ್ಮಿಕನಿಗೆ ವರಮಾನ ಕೇಳದೆ ಉಚಿತ ವಕೀಲರನ್ನು ಕೊಡುತ್ತದೆ. ಮೊಕದ್ದಮೆಯಲ್ಲಿ ಹುರುಳಿರಬೇಕು, ಅಷ್ಟೆ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಇದೇ ಹಕ್ಕು. ಅಂಗಡಿ ತೆರವಿನ ದಾವೆಯಲ್ಲಿ ಸಿಕ್ಕ ಸಣ್ಣ ವರ್ತಕರಿಗೆ ಮಾತ್ರ ವರಮಾನದ ಮಿತಿ ಅಡ್ಡ ಬರುತ್ತದೆ. ಆ ಮಿತಿಯನ್ನು ಏರಿಸಬೇಕೆಂಬುದು ನಮ್ಮ ಒತ್ತಾಯ. ಹಕ್ಕು ಕಾಗದದಲ್ಲಿದ್ದರೆ ಸಾಲದು. ಪುಡಿಗಾಸು ಕೊಟ್ಟು ನೇಮಿಸಿದ ವಕೀಲರಿಂದ, ಕಂಪನಿಯ ಹಿರಿಯ ವಕೀಲರ ಎದುರು ನಿಲ್ಲುವಷ್ಟು ತಯಾರಿ ಹೇಗೆ ಬಂದೀತು? ಸರ್ಕಾರ ಅವರಿಗೆ ಗೌರವದ ಫೀಜು ಕೊಡಲಿ. ವಕೀಲರೇ ಆಗಿದ್ದ ರಾಜಗೋಪಾಲಾಚಾರಿಯವರ ಹೆಸರು ಹೊತ್ತ ಬಡಾವಣೆಯಲ್ಲಿ ಕಾರ್ಮಿಕನಿಗೆ ವಕೀಲರು ದುರ್ಲಭವಾಗಬಾರದು.

ಇನ್ನೊಂದು ಮಾತು. ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಿ ಎಂಬ ಆದೇಶದ ವಿರುದ್ಧ ಮಾಲೀಕರು ಮೇಲೆ ಹೋದರೆ, ಮೊಕದ್ದಮೆ ತೀರುವವರೆಗೆ ಕಾರ್ಮಿಕನಿಗೆ ಅವನ ಕಡೆಯ ಸಂಬಳ ಕೊಡಬೇಕು. ಹಳೆಯ ಕಾಯಿದೆಯ 17ಬಿ ಕಲಮಿನ ಈ ರಕ್ಷಣೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಉಳಿದಿದೆ. ಬೇರೆಲ್ಲೂ ದುಡಿಯುತ್ತಿಲ್ಲವೆಂದು ಕಾರ್ಮಿಕ ಪ್ರಮಾಣಪತ್ರ ಸಲ್ಲಿಸಬೇಕು. ಹೈಕೋರ್ಟಿನ ನೋಟೀಸು ಕೈಸೇರಿದ ದಿನವೇ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಹಾಕಿರಿ, ವಕೀಲರಿಂದ ಮೊದಲು ಈ ಸಂಬಳವನ್ನು ಕೇಳಿಸಿರಿ.