ಶಾಲಾ ಪ್ರವಾಸ ಕರಾವಳಿಗೂ ಸಾಗಲಿ

ಬಾಗಲಕೋಟೆ, ಹುನಗುಂದ, ಇಳಕಲ್ಲ ಭಾಗದ ಶಾಲೆಗಳಲ್ಲಿ ಪ್ರವಾಸವೆಂದರೆ ಬಾದಾಮಿಯ ಮೇಣಬಸದಿ, ಐಹೊಳೆ, ಪಟ್ಟದಕಲ್ಲು, ಕೊನೆಗೆ ಕೂಡಲಸಂಗಮ. ಇವು ಅವಶ್ಯ ನೋಡತಕ್ಕ ಸ್ಥಳಗಳೇ. ಆದರೆ ಹನ್ನೆರಡನೆಯ ಶತಮಾನವೆಂದರೆ ಸಂಗಮ, ಕಲ್ಯಾಣಗಳಷ್ಟೇ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ನೆಲೆಯೂರುವುದು ಇಷ್ಟವಾದುದಲ್ಲ.

ಅದೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ನೆಲೆಸಿದ್ದನು. ಟ್ಯುನೀಷಿಯಾದ ಮಹದಿಯಾ ಊರಿನವನಾದ ಆತನು ಇಲ್ಲಿ ಕಂಚಿನ ಕಾರ್ಖಾನೆ ನಡೆಸಿದನು. ಏಡನ್ನಿನ ವರ್ತಕರು ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ಕಳುಹಿಸಿ ಹೊಸದಾಗಿ ಮಾಡಿಸಿಕೊಳ್ಳುತ್ತಿದ್ದರು. 1132ರಲ್ಲಿ ಆಶು ಎಂಬ ದಾಸಿಗೆ ಆತನು ಬಿಡುಗಡೆಯ ಪತ್ರ ಬರೆದುಕೊಟ್ಟನು. 1149ರಲ್ಲಿ ಮಂಗಳೂರು ಬಿಟ್ಟು ಹೊರಟನು. ದೇವರ ಹೆಸರುಳ್ಳ ಬರಹವನ್ನು ನಾಶಗೊಳಿಸಬಾರದೆಂಬ ಯೆಹೂದಿ ಸಂಪ್ರದಾಯದಿಂದಾಗಿ ಆತನ ವ್ಯಾಪಾರದ ಕಾಗದಗಳೂ ಕೈರೋದ ಪ್ರಾರ್ಥನಾಮಂದಿರದಲ್ಲಿ ಉಳಿದುಬಂದವು. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ವಚನದ ತಾಳೆಗರಿ ಕಟ್ಟುಗಳನ್ನು ಕೂಡಿಸಿದ್ದನ್ನು ಬಲ್ಲವರಿಗೆ ಇದರ ಬೆಲೆಯನ್ನು ವಿವರಿಸಬೇಕಿಲ್ಲ.

ಮಂಗಳೂರಿನಲ್ಲಿ ನೋಡಲು ಆತನ ಮನೆಯಿಲ್ಲವಲ್ಲ ಎಂಬ ಆಕ್ಷೇಪಣೆ ಬರಬಹುದು. ಕಲ್ಲು ಕಾಣದ ಕಡೆ ಇತಿಹಾಸವಿಲ್ಲವೇ? ಕಣ್ಣಿಗೆ ಕಾಣುವುದೇ ಬೇಕೆನ್ನುವವರಿಗೆ 1568ರಲ್ಲಿ ಕಟ್ಟಿದ ಯೆಹೂದಿ ಪ್ರಾರ್ಥನಾಮಂದಿರವು ಕೊಚ್ಚಿಯಲ್ಲಿ ಇಂದಿಗೂ ನಿಂತಿದೆ. ಖರ್ಚು ಹೆಚ್ಚೆಂಬುದು ನಿಜ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಎರಡು ವರ್ಷಕ್ಕೊಮ್ಮೆಯಾದರೂ ಒಂದು ಬಸ್ಸಿನ ವೆಚ್ಚವನ್ನು ವಹಿಸಿಕೊಂಡರೆ, ಮೊದಲು ಮಂಗಳೂರಿನ ಬಂದರಿನವರೆಗಾದರೂ ಹೋಗಿಬರಬಹುದು.