ಪ್ರಬಂಧ ತೇರ್ಗಡೆಯಾಯಿತು, ಬೀಜ?



ಹೊಸ ಬೀಜದ ಬಗ್ಗೆ ರೈತನು ಸಂಶಯ ವ್ಯಕ್ತಪಡಿಸಿದರೆ ದೊರೆಯುವ ಉತ್ತರ ಸಿದ್ಧವಾಗಿರುತ್ತದೆ: ‘ಇದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿದೆ, ತಜ್ಞರು ಪರಿಶೀಲಿಸಿದ್ದಾರೆ.’ ಈ ಮಾತಿಗೆ ತಲೆಬಾಗುವ ಮುನ್ನ ಆ ಪರಿಶೀಲನೆ ಎಂಥದೆಂದು ತಿಳಿಯೋಣ.

ಸಂಶೋಧಕರ ಹಸ್ತಪ್ರತಿಯನ್ನು ಸಂಪಾದಕರು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳುಹಿಸುತ್ತಾರೆ. ಅವರಿಗೆ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಅವರ ಹೆಸರೂ ಲೇಖಕರಿಗೆ ತಿಳಿಯದು. ಅವರು ವಿಧಾನ, ಕೋಷ್ಟಕ, ತರ್ಕಗಳನ್ನು ಓದಿ ತಿದ್ದುಪಡಿ ಸೂಚಿಸುತ್ತಾರೆ, ಇಲ್ಲವೇ ತಿರಸ್ಕರಿಸುತ್ತಾರೆ. ಹೊಲಕ್ಕೆ ಹೋಗುವುದಿಲ್ಲ, ಬೀಜ ಬಿತ್ತಿ ನೋಡುವುದಿಲ್ಲ, ಪ್ರಯೋಗವನ್ನು ಮರಳಿ ಮಾಡುವುದಿಲ್ಲ. ಅಸಂಬದ್ಧ ಬರಹವನ್ನು ತಡೆಯಲು ಈ ಜರಡಿ ಅಗತ್ಯ. ಆದರೆ ಅದು ಜರಡಿ ಹಿಡಿಯುವುದು ಕಾಗದವನ್ನು, ಕಾಳನ್ನಲ್ಲ.

ಉದಾಹರಣೆಗೆ ದೂರ ಹೋಗಬೇಕಿಲ್ಲ. 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ನಾಡಿಗೆ ಕೊಟ್ಟ ಊರು ಧಾರವಾಡ. ಅಲ್ಲಿನ ಕೃಷಿ ವಿಶ್ವವಿದ್ಯಾಲಯವು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೇ ಮೊದಲಾದ ಸಂಸ್ಥೆಗಳೊಡನೆ ಬಿಕಾನೇರಿ ನರ್ಮಾ ಬಿಟಿ ತಳಿಯನ್ನು ರೂಪಿಸಿತು. ಸಂಕರವಲ್ಲದ ತಳಿಯಾದ್ದರಿಂದ ರೈತರು ಬೀಜ ಉಳಿಸಿಕೊಳ್ಳಬಹುದಿತ್ತು. ಕಂಪನಿಗಳ ಹಂಗು ತಪ್ಪೀತೆಂಬ ಆಸೆಯಿತ್ತು. 2007ರಲ್ಲಿ ಈ ಸಂಶೋಧನೆಯ ಪ್ರಬಂಧ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2008ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು, 2009ರಲ್ಲಿ ಬೀಜ ರೈತರ ಕೈಸೇರಿತು. ಬಳಿಕ ಅದರಲ್ಲಿ ಮೊನ್ಸಾಂಟೊ ಕಂಪನಿಯ ಮಾನ್ 531 ವಂಶವಾಹಿ ಪತ್ತೆಯಾಗಿ ಬೀಜೋತ್ಪಾದನೆ ನಿಂತಿತು. ಸೋಪೋರಿ ಸಮಿತಿಯ ವರದಿ ಹೊರಬಂದದ್ದು 2012ರಲ್ಲಿ.

ಪತ್ರಿಕೆಯ ಪರಿಶೀಲಕರನ್ನು ಇಲ್ಲಿ ದೂರುವುದು ಸುಲಭ, ಆದರೆ ನ್ಯಾಯವಲ್ಲ. ಅವರ ಮುಂದಿದ್ದದ್ದು ಹಸ್ತಪ್ರತಿ ಮಾತ್ರ. ಅವರ ಒಪ್ಪಿಗೆಯನ್ನೇ ಹೊಲದ ಸತ್ಯವೆಂದು ಸಾರಿ, ಪ್ರಶ್ನಿಸುವವರನ್ನು ಅಜ್ಞಾನಿಗಳೆನ್ನುವ ನಮ್ಮ ವಿಜ್ಞಾನಿ ವರ್ಗದ ಅಹಂಕಾರವೇ ನಿಜವಾದ ದೋಷ. ಹತ್ತಿಗೆ ಆದದ್ದು ನಾಳೆ ನಮ್ಮ ಮೆಣಸಿಗೂ ಏಲಕ್ಕಿಗೂ ಆಗಬಾರದು.

ಆದ್ದರಿಂದ ನಮ್ಮ ಆಗ್ರಹಗಳು ಸ್ಪಷ್ಟ. ಪರಿಶೀಲಕರ ಟಿಪ್ಪಣಿಗಳು ಪ್ರಬಂಧದೊಡನೆ ಪ್ರಕಟವಾಗಲಿ. ಯುರೋಪಿನ ಎಂಬೋ ಜರ್ನಲ್ 2009ರಿಂದಲೇ ಇದನ್ನು ಮಾಡುತ್ತಿದೆ. ಮೂಲ ದತ್ತಾಂಶ ಎಲ್ಲರಿಗೂ ತೆರೆದಿರಲಿ. ರೈತರಿಗೆ ಬೀಜ ಹಂಚುವ ಮೊದಲು ಅದರ ಮಾದರಿಯನ್ನು ಸ್ವತಂತ್ರ ಪ್ರಯೋಗಾಲಯವೊಂದು ಪರೀಕ್ಷಿಸಲಿ. ಯಾರ ಹೊಲದಲ್ಲಿ ಪ್ರಯೋಗ ನಡೆಯಿತೋ ಅವರಿಗೆ ಅದರ ಫಲಿತಾಂಶ ಕನ್ನಡದಲ್ಲಿ ತಲುಪಲಿ.

ವಿದ್ಯಾರ್ಥಿಗಳೇ, ಮುಂದಿನ ಬಾರಿ ‘ತಜ್ಞರು ಪರಿಶೀಲಿಸಿದ್ದಾರೆ’ ಎಂದು ಕೇಳಿದಾಗ ಎದ್ದುನಿಂತು ಕೇಳಿ: ಪರಿಶೀಲಿಸಿದ್ದು ಬರಹವನ್ನೋ, ಬೀಜವನ್ನೋ?